ಕಡಲಾಚೆಯ ಖಾಯಂ ನೆಲೆ: ಪರದೇಶ ವಲಸೆಯ ಕಾನೂನುಗಳು ನಡೆದು ಬಂದ ದಾರಿ

ಹುಟ್ಟಿದ ಊರನ್ನು ತೊರೆದು ದೂರದ ನಾಡಿನಲ್ಲಿ ನೆಲೆ ಕಂಡುಕೊಳ್ಳುವುದು ನಮ್ಮ ಸಮಾಜಕ್ಕೆ ಹೊಸ ಸಂಗತಿಯೇನೂ ಅಲ್ಲ. ಕರಾವಳಿಯ ಕ್ರೈಸ್ತರಾದ ನಮ್ಮ ಹಿರಿಯರೇ ಗೋವೆಯಿಂದ ಹೊರಟು ಬಂದು, ಇಲ್ಲಿಯ ಅರಸರ ಆಶ್ರಯದಲ್ಲಿ ಬೇಸಾಯ ಹೂಡಿ ನಿಂತವರು. ಅವರ ಕೈಯಲ್ಲಿ ರಹದಾರಿಯಿರಲಿಲ್ಲ; ಅವರ ವಿದ್ಯೆಗೆ ಇಷ್ಟು ಅಂಕ, ವಯಸ್ಸಿಗೆ ಇಷ್ಟು ಅಂಕ ಎಂದು ಅಳೆದು ನೋಡಿದವರೂ ಇರಲಿಲ್ಲ. ಬೀಳು ಬಿದ್ದ ನೆಲವಿತ್ತು, ನೆಲಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು, ಅಷ್ಟೇ ಅರ್ಹತೆಯಾಯಿತು.

ಇಂದು ನಮ್ಮ ಧರ್ಮಕೇಂದ್ರದ ಯಾವ ವಾಳೆಗೆ ಹೋದರೂ ಕೆನಡಾದಲ್ಲೋ ಆಸ್ಟ್ರೇಲಿಯದಲ್ಲೋ ಖಾಯಂ ಆಗಿ ನೆಲೆಸಿದ ಮಗನೋ ಮಗಳೋ ಇಲ್ಲದ ಮನೆಗಳು ವಿರಳ. ಆದರೆ ಆ ದೇಶಗಳ ಬಾಗಿಲುಗಳು ಯಾವಾಗ, ಯಾರಿಗೆ, ಏತಕ್ಕಾಗಿ ತೆರೆದವು ಎಂಬುದನ್ನು ಬಲ್ಲವರು ಕಡಿಮೆ. ಈ ವಿಷಯದಲ್ಲಿ ನಮಗೆ ದೊರೆಯುವ ತಿಳುವಳಿಕೆಯೆಲ್ಲವೂ ಏಜೆಂಟರ ಬಾಯಿಂದ ಬಂದದ್ದು. ಶತಮಾನೋತ್ಸವದ ಈ ಸಂದರ್ಭದಲ್ಲಿ ನೂರು ವರ್ಷಗಳ ಹಿಂದಕ್ಕೆ ಹೋಗಿ ಆ ಕಥೆಯನ್ನು ಮೊದಲಿನಿಂದ ನೋಡುವುದು ಉಚಿತವೆಂದು ತೋರಿದ್ದರಿಂದ ಈ ಲೇಖನ.

ನಮ್ಮ ದೇವಾಲಯಕ್ಕೆ ಅಡಿಗಲ್ಲು ಬಿದ್ದ ಕಾಲವು ಆ ದೇಶಗಳಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಕಾಲವೂ ಆಗಿತ್ತು. ಭಾರತೀಯರ ಮಟ್ಟಿಗಂತೂ ಅದಕ್ಕೆ ಮೊದಲೇ ಅಗುಳಿ ಬಿದ್ದಿತ್ತು. 1908ರಲ್ಲಿ ಕೆನಡಾ ಸರ್ಕಾರವು ಒಂದು ಜಾಣತನದ ನಿಯಮವನ್ನು ಮಾಡಿತು. ಹುಟ್ಟಿದ ದೇಶದಿಂದ ಎಲ್ಲಿಯೂ ಹಡಗು ಬದಲಾಯಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂಬುದೇ ಆ ನಿಯಮ. ಭಾರತದ ಹೆಸರನ್ನೇ ಅದು ಎತ್ತಲಿಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಹಡಗೇ ಇರಲಿಲ್ಲ! ಅದರ ಮೇಲೆ, ಏಷ್ಯದಿಂದ ಬರುವಾತನ ಕೈಯಲ್ಲಿ 200 ಡಾಲರ್ ಇರಬೇಕೆಂದೂ ವಿಧಿಸಲಾಯಿತು. ಈ ನಿಯಮವನ್ನು ಪರೀಕ್ಷಿಸಲೆಂದೇ ಗುರುದಿತ್ ಸಿಂಗ್ ಎಂಬವರು ‘ಕೊಮಗಾಟ ಮಾರು’ ಎಂಬ ಜಪಾನೀ ಹಡಗನ್ನು ಗೊತ್ತುಮಾಡಿ, 376 ಮಂದಿ ಪ್ರಯಾಣಿಕರೊಡನೆ 1914ರ ಮೇ 23ರಂದು ವ್ಯಾಂಕೂವರ್ ಬಂದರನ್ನು ತಲಪಿದರು. ಎರಡು ತಿಂಗಳ ಕಾಲ ಹಡಗು ದಡದ ಕಣ್ಣೆದುರಿಗೇ ನಿಂತಿತ್ತು. ಅನ್ನನೀರಿಗೂ ಪರದಾಟವಾಯಿತು. ಮೊದಲೇ ಅಲ್ಲಿ ವಾಸವಿದ್ದ ಕೆಲವರು ಮೊದಲಾಗಿ ಇಪ್ಪತ್ತನಾಲ್ಕು ಮಂದಿಯನ್ನು ಬಿಟ್ಟರೆ ಉಳಿದವರು ಇಳಿಯಲಾಗಲಿಲ್ಲ. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ಹಿಂದಕ್ಕಟ್ಟಲಾಯಿತು. ಕಲ್ಕತ್ತೆಯ ಬಳಿ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಸುಮಾರು ಇಪ್ಪತ್ತು ಜನರು ಬಲಿಯಾದರು. ಈ ಘಟನೆಗಾಗಿ ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2016ರ ಮೇ 18ರಂದು. ಅಷ್ಟರಲ್ಲಿ ನೂರೆರಡು ವರ್ಷಗಳು ಸಂದಿದ್ದವು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1917ರ ಕಾನೂನು ಭಾರತವನ್ನೂ ಸೇರಿಸಿ ಏಷ್ಯದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ಆ ದೇಶದ ಸೈನ್ಯದಲ್ಲಿ ಮೊದಲನೆಯ ಮಹಾಯುದ್ಧದ ಸಮಯ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಗೃಹಸ್ಥನು ಪೌರತ್ವ ಬೇಡಿದಾಗ, 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆತನು ‘ಬಿಳಿಯ’ನಲ್ಲವೆಂದು ತೀರ್ಪಿತ್ತಿತು. ಆ ತೀರ್ಪಿನ ನೆಪದಿಂದ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಮರುವರ್ಷ, ಅಂದರೆ 1924ರಲ್ಲಿ ಬಂದ ಕಾನೂನು ಯೂರೋಪಿನ ಬಡವರನ್ನೂ ಬಿಡಲಿಲ್ಲ. 1890ರ ಜನಗಣತಿಯ ಆಧಾರದಲ್ಲಿ ಶೇಕಡ ಎರಡರಂತೆ ಪ್ರತಿ ದೇಶಕ್ಕೂ ಪಾಲು ಹಂಚಿದಾಗ, ಹಿಂದೆ ಕೆಲವು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರನ್ನು ಕಳುಹಿಸಿದ್ದ ಇಟಲಿಗೆ ದೊರೆತದ್ದು ವರ್ಷಕ್ಕೆ 3,845 ಸ್ಥಾನಗಳು ಮಾತ್ರ. ಇಟಲಿ, ಪೋಲೆಂಡುಗಳ ಕಥೋಲಿಕರೂ ಪೂರ್ವ ಯೂರೋಪಿನ ಯೆಹೂದಿಗಳೂ ಅಲ್ಲಿ ತುಂಬಿಕೊಳ್ಳಬಾರದೆಂಬ ಭಾವನೆ ಇದರ ಹಿಂದೆ ಇದ್ದುದು ಗುಟ್ಟೇನೂ ಅಲ್ಲ. ಇಟಲಿಯ ವಲಸೆಗಾರರ ಪಾಡನ್ನು ಕಂಡು 1887ರಲ್ಲೇ ಅವರ ಸೇವೆಗೆಂದು ಒಂದು ಸನ್ಯಾಸಿ ಸಂಸ್ಥೆಯನ್ನು ಕಟ್ಟಿದ ಪಿಯಾಚೆಂಜಾದ ಬಿಷಪ್ ಸ್ಕಲಬ್ರಿನಿಯವರನ್ನು 2022ರ ಅಕ್ಟೋಬರ್ 9ರಂದು ಸಂತರೆಂದು ಘೋಷಿಸಲಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಆಸ್ಟ್ರೇಲಿಯದ ಉಪಾಯ ಎಲ್ಲಕ್ಕಿಂತ ವಿಚಿತ್ರವಾದದ್ದು. ಅಲ್ಲಿ 1901ರ ಕಾನೂನಿನಂತೆ ಅಧಿಕಾರಿಯು ಬಂದವನಿಗೆ ಯಾವುದಾದರೊಂದು ಯೂರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಾಗಿತ್ತು. ಭಾಷೆಯ ಆಯ್ಕೆ ಅಧಿಕಾರಿಯದು. ಇಂಗ್ಲಿಷ್ ಬಲ್ಲವನಿಗೆ ಬೇರೊಂದು ಭಾಷೆ, ಅದನ್ನೂ ಬಲ್ಲವನಿಗೆ ಮತ್ತೊಂದು. 1909ರ ನಂತರ ಇದರಲ್ಲಿ ಉತ್ತೀರ್ಣರಾದವರು ಒಬ್ಬರೂ ಇಲ್ಲವೆಂದರೆ ಪರೀಕ್ಷೆಯ ಉದ್ದೇಶ ಸ್ಪಷ್ಟವಾಗುತ್ತದೆ. 1934ರಲ್ಲಿ ಎಗಾನ್ ಕಿಶ್ ಎಂಬ ಜೆಕ್ ಲೇಖಕನು ಹಲವು ಭಾಷೆಗಳನ್ನು ಬಲ್ಲವನಾಗಿದ್ದುದರಿಂದ, ಅವನನ್ನು ಹೊರಗಿಡಬೇಕೆಂದಿದ್ದ ಅಧಿಕಾರಿಗಳು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು! ಅದು ಕಾನೂನಿನ ಅರ್ಥದಲ್ಲಿ ಯೂರೋಪಿಯನ್ ಭಾಷೆಯೇ ಅಲ್ಲವೆಂದು ಅಲ್ಲಿಯ ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ಈ ಪರೀಕ್ಷೆ ರದ್ದಾದದ್ದು 1958ರಲ್ಲಿ.

ಇದೇ ಆಸ್ಟ್ರೇಲಿಯಕ್ಕೆ ನಮ್ಮ ರಾಜ್ಯದಿಂದ ಹೋದ ಮೊದಲ ದೊಡ್ಡ ತಂಡಗಳು ಬೆಂಗಳೂರು ಮತ್ತು ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಬಂಧುಗಳವು. ಅವರಲ್ಲಿ ಅನೇಕರು ನಮ್ಮ ಧರ್ಮಸಭೆಯವರೇ. 1947ರ ಆಗಸ್ಟಿನಲ್ಲಿ, ಭಾರತ ಸ್ವತಂತ್ರವಾಗುತ್ತಿದ್ದ ದಿನಗಳಲ್ಲಿಯೇ, ‘ಮನೂರ’ ಎಂಬ ನೌಕೆ ಭಾರತದ ನಾನಾ ಕಡೆಯ ಸುಮಾರು ಏಳುನೂರು ಆಂಗ್ಲೋ-ಇಂಡಿಯನ್ನರನ್ನು ಬೊಂಬಾಯಿಯಿಂದ ಪಶ್ಚಿಮ ಆಸ್ಟ್ರೇಲಿಯದ ಫ್ರಿಮ್ಯಾಂಟಲ್ ಬಂದರಿಗೆ ಒಯ್ದಿತು. 1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡ ಮೇಲೆ ಚಿನ್ನದ ಗಣಿಯ ಬಂಗಲೆಗಳು ಇನ್ನಷ್ಟು ಬರಿದಾದವು. ಆದರೆ ಆ ಜನರೂ ತಮ್ಮ ರಕ್ತದಲ್ಲಿ ಮುಕ್ಕಾಲು ಪಾಲು ಯೂರೋಪಿಯನ್ ಎಂದು ತೋರಿಸಬೇಕಾಗಿತ್ತು. ತೋರಿಕೆಯಲ್ಲಿಯೂ ಹಾಗೆಯೇ ಕಾಣಬೇಕಾಗಿತ್ತು. ಒಂದೇ ತಾಯಿಯ ಮಕ್ಕಳಲ್ಲಿ ಬೆಳ್ಳಗಿದ್ದವನಿಗೆ ಒಂದು ಉತ್ತರ, ಕಪ್ಪಗಿದ್ದವನಿಗೆ ಇನ್ನೊಂದು ಉತ್ತರ ದೊರೆಯಲು ಅವಕಾಶ ಕೊಟ್ಟ ನಿಯಮವದು. ಅಂಕಗಳಿಗೆ ಮೊದಲು ಮನುಷ್ಯನನ್ನು ಏತರಿಂದ ಅಳೆಯುತ್ತಿದ್ದರೆಂಬುದನ್ನು ಇಷ್ಟು ತಿಳಿದರೆ ಸಾಕು.

ಬದಲಾವಣೆ ಆರಂಭವಾದದ್ದು ಎರಡನೆಯ ಮಹಾಯುದ್ಧದ ನಂತರ, ಅದೂ ಚಮಚದಲ್ಲಿ ಅಳೆದು ಕೊಟ್ಟಂತೆ. 1946ರಲ್ಲಿ ಅಮೆರಿಕವು ವರ್ಷಕ್ಕೆ ನೂರು ಭಾರತೀಯರಿಗೆ ಪ್ರವೇಶ ನೀಡಿತು. 1951ರಲ್ಲಿ ಕೆನಡಾ ನೂರೈವತ್ತು ಎಂದಿತು. ಆಮೇಲೆ ಅದನ್ನು ಮುನ್ನೂರಕ್ಕೆ ಏರಿಸಿತು. ಇಡೀ ಭಾರತ ದೇಶಕ್ಕೆ! ಬ್ರಿಟನ್ನಿಗೆ ಕಾಮನ್‌ವೆಲ್ತ್ ಪ್ರಜೆಗಳು 1962ರವರೆಗೆ ನಿರಾತಂಕವಾಗಿ ಹೋಗಬಹುದಾಗಿತ್ತು. ಆ ವರ್ಷದ ಜುಲೈಯಿಂದ ಕೆಲಸದ ಚೀಟಿಗಳ ಪದ್ಧತಿ ಬಂತು, 1973ರಿಂದ ಅದೂ ಹೋಯಿತು.

ನಿಜವಾದ ತಿರುವು ಕೆನಡಾದ್ದು. 1962ರಲ್ಲಿ ಆ ದೇಶವು ವರ್ಣಭೇದವನ್ನು ನಿಯಮಗಳಿಂದ ಬಹುಮಟ್ಟಿಗೆ ತೆಗೆದುಹಾಕಿತು. 1967ರ ಅಕ್ಟೋಬರ್ 1ರಿಂದ ಅಂಕ ಪದ್ಧತಿಯನ್ನು ಜಾರಿಗೆ ತಂದಿತು. ಪ್ರಪಂಚದಲ್ಲಿ ಇಂಥ ಪದ್ಧತಿ ಇದೇ ಮೊದಲನೆಯದು. ಒಟ್ಟು ನೂರು ಅಂಕ, ತೇರ್ಗಡೆಗೆ ಐವತ್ತು. ವಿದ್ಯಾಭ್ಯಾಸಕ್ಕೆ 20, ಅಧಿಕಾರಿಯ ವೈಯಕ್ತಿಕ ಅಭಿಪ್ರಾಯಕ್ಕೆ 15, ಉದ್ಯೋಗಕ್ಕಿರುವ ಬೇಡಿಕೆಗೆ 15, ಕುಶಲತೆಗೆ 10, ವಯಸ್ಸಿಗೆ 10, ಮೊದಲೇ ಗೊತ್ತಾದ ಕೆಲಸಕ್ಕೆ 10, ಇಂಗ್ಲಿಷ್ ಮತ್ತು ಫ್ರೆಂಚ್ ಜ್ಞಾನಕ್ಕೆ 10, ಅಲ್ಲಿ ಬಂಧುಗಳಿದ್ದರೆ 5, ಹೋಗುವ ಸ್ಥಳದ ಉದ್ಯೋಗಾವಕಾಶಕ್ಕೆ 5. ಅಧಿಕಾರಿಯು ಎದುರಿಗೆ ಕುಳಿತವನ ಉತ್ಸಾಹವನ್ನೂ ಹೊಂದಿಕೊಳ್ಳುವ ಗುಣವನ್ನೂ ನೋಡಿ ಕೊಡುವ ಆ ಹದಿನೈದು ಅಂಕಗಳಲ್ಲಿ ಹಳೆಯ ಕಾಲದ ವಾಸನೆ ಸ್ವಲ್ಪ ಉಳಿದಿತ್ತೆನ್ನಬೇಕು. ಆದರೂ ಇದೊಂದು ಕ್ರಾಂತಿಯೇ ಸರಿ. ಊರು, ಬಣ್ಣ, ಮತ ಯಾವುದಕ್ಕೂ ಅಂಕವಿಲ್ಲ. ವ್ಯಾಂಕೂವರಿನಲ್ಲಿ ಹಡಗನ್ನು ತಡೆದ ದೇಶವೇ ಐವತ್ಮೂರು ವರ್ಷಗಳ ಮೇಲೆ, ಕಲಿತವನು ಬರಲಿ, ಎಲ್ಲಿಯವನೇ ಆಗಲಿ ಎಂದಿತು. ಇದು ಕೇವಲ ಔದಾರ್ಯದಿಂದ ಆದದ್ದಲ್ಲ. ಯೂರೋಪು ಯುದ್ಧದಿಂದ ಚೇತರಿಸಿಕೊಂಡು ಅಲ್ಲಿಯ ಕುಶಲಿಗಳು ಹೊರಡುವುದು ಕಡಿಮೆಯಾಗಿತ್ತು. ಕೆನಡಾದ ಆಸ್ಪತ್ರೆಗಳಿಗೂ ಶಾಲೆಗಳಿಗೂ ಕಾರ್ಖಾನೆಗಳಿಗೂ ಜನ ಬೇಕಾಗಿದ್ದರು. ನ್ಯಾಯವೂ ಅಗತ್ಯವೂ ಒಂದೇ ದಿಕ್ಕಿಗೆ ತಿರುಗಿದ ಘಳಿಗೆಯದು.

ಅಮೆರಿಕದಲ್ಲಿ ಪ್ರಥಮ ಕಥೋಲಿಕ ಅಧ್ಯಕ್ಷರಾದ ಕೆನೆಡಿಯವರು 1963ರ ಜುಲೈಯಲ್ಲಿ ಹಳೆಯ ಪಾಲು ಪದ್ಧತಿಯನ್ನು ತೆಗೆಯುವ ಸೂಚನೆಯನ್ನು ಮುಂದಿಟ್ಟರು. ಅವರ ಮರಣಾನಂತರ 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಜಾನ್ಸನ್ನರು ಹೊಸ ಕಾನೂನಿಗೆ ಸಹಿ ಹಾಕಿದರು. ಆಸ್ಟ್ರೇಲಿಯವು 1966ರಲ್ಲಿ ಬಾಗಿಲನ್ನು ಓರೆಯಾಗಿ ತೆರೆದು, 1973ರಲ್ಲಿ ವರ್ಣನೀತಿಯನ್ನು ಸಂಪೂರ್ಣವಾಗಿ ಕೈಬಿಟ್ಟು, 1979ರಲ್ಲಿ ತನ್ನದೇ ಅಂಕ ಪದ್ಧತಿಯನ್ನು ತಂದಿತು. ನ್ಯೂಜಿಲೆಂಡು 1991ರಲ್ಲಿ ಅದೇ ದಾರಿ ಹಿಡಿಯಿತು.

ಇಷ್ಟಾದರೂ ನಮ್ಮ ಕರಾವಳಿಯ ಜನರು ತಕ್ಷಣವೇ ಆ ಕಡೆ ಮುಖ ಮಾಡಲಿಲ್ಲ. ನಮ್ಮವರ ದಾರಿ ಬಹುಕಾಲದಿಂದ ಬೊಂಬಾಯಿಯದು; ಬೊಂಬಾಯಿಯಿಂದ ಕೆಲವರದು ಪೂರ್ವ ಆಫ್ರಿಕದ್ದು; ಎಣ್ಣೆಯ ಹಣ ಹರಿದ ಮೇಲೆ ಕೊಲ್ಲಿಯ ದೇಶಗಳದ್ದು. ಕೊಲ್ಲಿಯ ದುಡಿಮೆ ನಮ್ಮ ಇಗರ್ಜಿಗಳ ಗೋಪುರಗಳನ್ನೂ ಮನೆಗಳ ತಾರಸಿಗಳನ್ನೂ ಎತ್ತರಿಸಿದ್ದು ನಿಜ. ಆದರೆ ಅಲ್ಲಿ ಖಾಯಂ ಎಂಬುದಿಲ್ಲ. ಕೆಲಸವಿರುವಷ್ಟು ಕಾಲ ವಾಸ. ಕೆಲಸ ಮುಗಿದರೆ ಮೂವತ್ತು ವರ್ಷ ದುಡಿದವನೂ ಪೆಟ್ಟಿಗೆ ಕಟ್ಟಬೇಕು. ಅಲ್ಲಿಯೇ ಹುಟ್ಟಿದ ಮಗುವೂ ಅಲ್ಲಿಯದಾಗದು. ಸಂಯುಕ್ತ ಅರಬ್ ಸಂಸ್ಥಾನವು 2019ರಿಂದ ಕೊಡುತ್ತಿರುವ ‘ಗೋಲ್ಡನ್ ವೀಸಾ’ ಸಹ ದೀರ್ಘಾವಧಿಯ ವಾಸದ ಪರವಾನಗಿಯೇ ಹೊರತು ಪೌರತ್ವದ ಮೆಟ್ಟಿಲಲ್ಲ.

ಎರಡು ಘಟನೆಗಳು ಈ ಪಾಠವನ್ನು ಕಠಿಣವಾಗಿ ಕಲಿಸಿದವು. 1972ರ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನನು ಏಷ್ಯದವರೆಲ್ಲರೂ ತೊಂಬತ್ತು ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞಾಪಿಸಿದ. ಕೆನಡಾದ ಅಧಿಕಾರಿಗಳ ತಂಡವೊಂದು ಕಂಪಾಲಕ್ಕೇ ಹೋಗಿ ಅರ್ಜಿಗಳನ್ನು ತೆಗೆದುಕೊಂಡು ಸುಮಾರು ಆರು ಸಾವಿರ ಜನರನ್ನು ಕರೆದೊಯ್ದಿತು. ಅವರಲ್ಲಿ ಗೋವೆಯ ಕ್ರೈಸ್ತರೂ ಇದ್ದರು. ಎರಡನೆಯದು 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ್ದು. ಬ್ಯಾಂಕಿನಲ್ಲಿದ್ದ ಹಣ, ಮನೆಯ ಸಾಮಾನು, ಕಾರು ಎಲ್ಲವನ್ನೂ ಬಿಟ್ಟು ಬಸ್ಸುಗಳಲ್ಲಿ ಮರುಭೂಮಿ ದಾಟಿ ಅಮ್ಮಾನ್ ಸೇರಿದ ಭಾರತೀಯರನ್ನು ವಿಮಾನಗಳು ಸ್ವದೇಶಕ್ಕೆ ತಂದವು. ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಜನ. ನಮ್ಮ ಕರಾವಳಿಯ ಕುಟುಂಬಗಳು ಅವರಲ್ಲಿ ಬಹಳವಿದ್ದವು. ತಿರುಗಿ ಕೊಲ್ಲಿಗೆ ಹೋದವರಲ್ಲಿ ಹಲವರು ಈ ಬಾರಿ ಕೆನಡಾದ ಅರ್ಜಿಯನ್ನೂ ಜೊತೆಯಲ್ಲೇ ತುಂಬಿದರು. ಮಕ್ಕಳನ್ನು ಒಂದು ನೆಲದಲ್ಲಿ ಊರಬೇಕೆಂಬ ಆಸೆ ಆಗಿನಿಂದ ಬಲವಾಯಿತೆಂದು ನಾನು ತಿಳಿಯುತ್ತೇನೆ.

ಇಲ್ಲಿ ನಮ್ಮ ಧರ್ಮಕೇಂದ್ರದ ಕಚೇರಿಯ ಪಾತ್ರವನ್ನು ಹೇಳದೆ ಮುಂದೆ ಹೋಗಲಾಗದು. ಖಾಯಂ ವಾಸದ ಅರ್ಜಿಗೆ ಮೊದಲು ಬೇಕಾದದ್ದು ಹುಟ್ಟಿನ ಪುರಾವೆ. ದೇಶಕ್ಕೆಲ್ಲಾ ಅನ್ವಯವಾಗುವ ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಗಳಲ್ಲಿ ಹುಟ್ಟಿದ ಅನೇಕರ ಹೆಸರು ಸರ್ಕಾರದ ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಜ್ಞಾನಸ್ನಾನದ ಪುಸ್ತಕದಲ್ಲಿ ಉಂಟು! ಪುಸ್ತಕ ಇಡುವ ಈ ಪದ್ಧತಿಯನ್ನು ಬೇರೂರಿಸಿದ್ದು 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ. ಜನನ ಪತ್ರವಿಲ್ಲದ ಕಡೆ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಎರಡನೆಯ ದರ್ಜೆಯ ಪುರಾವೆಯಾಗಿ ಅಮೆರಿಕ ಮುಂತಾದ ದೇಶಗಳು ಒಪ್ಪುತ್ತವೆ. ಹೀಗೆ ಆತ್ಮದ ಲೆಕ್ಕಕ್ಕಾಗಿ ಬರೆದಿಟ್ಟ ಸಾಲು, ಅದನ್ನು ಬರೆದ ಪಾದ್ರಿಗಳು ಕನಸಿನಲ್ಲಿಯೂ ಎಣಿಸದ ಕೆಲಸಕ್ಕೆ ಒದಗಿತು.

ಆದರೆ ತೊಡಕುಗಳು ಬಹಳ. ಹಳೆಯ ಪುಸ್ತಕಗಳಲ್ಲಿ ಹೆಸರುಗಳು ಲತೀನಿನಲ್ಲಿವೆ. ಪೆದ್ರುವೆಂದು ಕರೆಸಿಕೊಂಡವನು ಅಲ್ಲಿ ಪೆತ್ರುಸ್, ಶಾಲೆಯ ದಾಖಲೆಯಲ್ಲಿ ಪೀಟರ್. ಅಡ್ಡಹೆಸರಿನ ಕೊನೆಯಲ್ಲಿ ಒಂದು ಕಡೆ ‘ಜ’, ಇನ್ನೊಂದು ಕಡೆ ‘ಜಾ’, ಇಂಗ್ಲಿಷಿನಲ್ಲಿ ಒಮ್ಮೆ ‘ಎಸ್’, ಒಮ್ಮೆ ‘ಝೆಡ್’. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ತಿಂಗಳ ಲೆಕ್ಕಕ್ಕೆ ಹೊಂದುವಂತೆ ಬರೆದ ಹುಟ್ಟಿದ ದಿನ ಒಂದು. ಜ್ಞಾನಸ್ನಾನದ ಪುಸ್ತಕದ್ದು ಇನ್ನೊಂದು. ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಒಬ್ಬನೇ ಮನುಷ್ಯ ಕಾಗದದ ಮೇಲೆ ಮೂವರಾಗಿ ನಿಲ್ಲುತ್ತಾನೆ. ಮೂರು ಹೆಸರೂ ಒಬ್ಬನದೇ ಎಂದು ಪ್ರಮಾಣಪತ್ರ ಮಾಡಿಸಲು ವಕೀಲರ ಬಳಿಗೂ, ಪುಸ್ತಕ ನೋಡಿಸಲು ಪಾದ್ರಿಗಳ ಬಳಿಗೂ ತಿರುಗಿದವರನ್ನು ಕಾಣದ ಧರ್ಮಕೇಂದ್ರವಿರಲಾರದು. ತಿದ್ದಿಬಿಡಿ ಎಂದು ಒತ್ತಾಯಿಸುವವರೂ ಉಂಟು. ಬರೆದ ಸಾಲನ್ನು ಕೇಳಿದವರಿಗಾಗಿ ತಿದ್ದುತ್ತಾ ಹೋದರೆ ಆ ಪುಸ್ತಕಕ್ಕೆ ಯಾವ ದೂತಾವಾಸವೂ ಬೆಲೆ ಕೊಡದೆಂಬುದನ್ನು ಅಂಥವರು ಯೋಚಿಸಬೇಕು.

ಇನ್ನು ಹಣದ ಬಾಗಿಲು. ಕುಶಲತೆಯಿಲ್ಲದಿದ್ದರೂ ಬಂಡವಾಳವಿದ್ದರೆ ಸಾಕೆಂಬ ವಿಚಾರವನ್ನು ವ್ಯವಸ್ಥಿತ ಯೋಜನೆಯಾಗಿ ಮಾಡಿದವರಲ್ಲಿಯೂ ಕೆನಡಾ ಮುಂದಾಳು. ಉದ್ಯಮಿಗಳಿಗಾಗಿ 1978ರಲ್ಲಿ, ಹೂಡಿಕೆದಾರರಿಗಾಗಿ 1986ರಲ್ಲಿ ಅಲ್ಲಿ ಪ್ರತ್ಯೇಕ ವರ್ಗಗಳು ಹುಟ್ಟಿದವು. ಅಮೆರಿಕದಲ್ಲಿ 1990ರ ಕಾನೂನು ‘ಇ.ಬಿ.-5’ ಎಂಬ ವರ್ಗವನ್ನು ತೆರೆಯಿತು. ಹತ್ತು ಲಕ್ಷ ಡಾಲರ್ ಹೂಡಿ ಹತ್ತು ಜನರಿಗೆ ಪೂರ್ಣಾವಧಿ ಕೆಲಸ ಕೊಡಬೇಕು. ಹಿಂದುಳಿದ ಪ್ರದೇಶವಾದರೆ ಐದು ಲಕ್ಷ ಸಾಕು. 2022ರ ಮಾರ್ಚಿನ ತಿದ್ದುಪಡಿಯಲ್ಲಿ ಈ ಮೊತ್ತಗಳು ಹತ್ತೂವರೆ ಲಕ್ಷಕ್ಕೂ ಎಂಟು ಲಕ್ಷಕ್ಕೂ ಏರಿದವು. ಮೊದಲು ದೊರೆಯುವುದು ಎರಡು ವರ್ಷಗಳ ಷರತ್ತಿನ ವಾಸ. ಹಣ ನಿಜವಾಗಿಯೂ ಹೂಡಿಕೆಯಾಗಿ ಕೆಲಸಗಳು ಹುಟ್ಟಿದವೆಂದು ತೋರಿಸಿದ ಮೇಲೆಯೇ ಷರತ್ತು ತೆಗೆಯುವುದು. ವರ್ಮಾಂಟ್ ರಾಜ್ಯದ ಜೇ ಪೀಕ್ ಎಂಬ ಹಿಮ ವಿಹಾರಧಾಮದ ಯೋಜನೆಯಲ್ಲಿ ಹೀಗೆ ಬಂದ ಹಣದ ದುರುಪಯೋಗವಾಗಿದೆಯೆಂದು 2016ರಲ್ಲಿ ಸರ್ಕಾರವೇ ಮೊಕದ್ದಮೆ ಹೂಡಿತು. ಅದರ ಮುಖ್ಯಸ್ಥರು 2022ರಲ್ಲಿ ಸೆರೆಮನೆಯ ಶಿಕ್ಷೆಗೆ ಗುರಿಯಾದರು. ನಾನಾ ದೇಶಗಳ ನೂರಾರು ಹೂಡಿಕೆದಾರರು ಹಣದ ಜೊತೆಗೆ ಹಸಿರು ಚೀಟಿಯ ಆಸೆಯನ್ನೂ ಅಪಾಯಕ್ಕೆ ಒಡ್ಡಿದ್ದರು.

ನಮ್ಮವರಿಗೆ ಈ ಬಾಗಿಲು ಬಹುಕಾಲ ಇದ್ದೂ ಇಲ್ಲದಂತಿತ್ತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ವಿದೇಶ ವಿನಿಮಯದ ಕಟ್ಟುನಿಟ್ಟಿನಿಂದಾಗಿ ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದೆವೆಂದು ಆ ತಲೆಮಾರಿನವರು ಇಂದಿಗೂ ಹೇಳುತ್ತಾರೆ. ಹಾಗೆ ಹೋದವರು ವಿದ್ಯೆಯೊಂದನ್ನೇ ಬಂಡವಾಳವಾಗಿ ಒಯ್ದವರು. ರಿಸರ್ವ್ ಬ್ಯಾಂಕು 2004ರಲ್ಲಿ ಕಟ್ಟನ್ನು ಸಡಿಲಿಸಿ, 2015ರಿಂದ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಲು ಅವಕಾಶ ಕೊಟ್ಟಿದೆ. ಆದುದರಿಂದ ಎಂಟು ಲಕ್ಷ ಡಾಲರ್ ಹೂಡಬೇಕಾದ ಗೃಹಸ್ಥನು ಹೆಂಡತಿ ಮಕ್ಕಳ ಪಾಲನ್ನೂ ಸೇರಿಸಬೇಕು, ಇಲ್ಲವೇ ನಾಲ್ಕು ವರ್ಷಗಳಲ್ಲಿ ಹಂಚಿ ಕಳುಹಿಸಬೇಕು. ಅಡಿಕೆ ತೋಟ ಮಾರಿ ಹೊರಡುವೆನೆನ್ನುವವರು ಈ ಲೆಕ್ಕವನ್ನು ಮೊದಲು ಮಾಡುವುದು ಲೇಸು.

ಹಣದ ಬಾಗಿಲನ್ನು ತೆರೆದ ದೇಶಗಳಿಗೆ ಅದರಿಂದ ಲಾಭವಾಯಿತೇ? ಕೆನಡಾ ಸರ್ಕಾರದ ಉತ್ತರ ನಿಷ್ಠುರವಾದದ್ದು. 2014ರ ಮುಂಗಡಪತ್ರದಲ್ಲಿ ಅದು ಹೂಡಿಕೆದಾರರ ಯೋಜನೆಯನ್ನೇ ರದ್ದುಮಾಡಿ, ಕಾದಿದ್ದ ಸಾವಿರಾರು ಅರ್ಜಿಗಳನ್ನು ಹಿಂದಿರುಗಿಸಿತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಒಬ್ಬ ಹೂಡಿಕೆದಾರನು ಕಟ್ಟುವ ವರಮಾನ ತೆರಿಗೆ, ಒಬ್ಬ ನುರಿತ ಕೆಲಸಗಾರನು ಕಟ್ಟುವುದಕ್ಕಿಂತ ಸುಮಾರು ಎರಡು ಲಕ್ಷ ಡಾಲರ್ ಕಡಿಮೆ. ಮನೆಯಲ್ಲಿದ್ದು ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ದಾದಿಯು ಕಟ್ಟುವುದಕ್ಕಿಂತಲೂ ಸುಮಾರು ಒಂದು ಲಕ್ಷ ಕಡಿಮೆ ಎಂಬುದು ಅಲ್ಲಿ ಕೊಟ್ಟ ಲೆಕ್ಕ. ಬೇರೆಯವರ ತಾಯಿಗೆ ಗಂಜಿ ಕುಡಿಸಲು ಹೋದ ಹೆಣ್ಣುಮಗಳು ಲಕ್ಷಾಧೀಶನಿಗಿಂತ ಆ ದೇಶಕ್ಕೆ ಹೆಚ್ಚು ಕೊಟ್ಟಳು! ಬ್ರಿಟನ್ನು ತನ್ನ ಹೂಡಿಕೆದಾರರ ವೀಸಾವನ್ನು 2022ರ ಫೆಬ್ರವರಿಯಲ್ಲಿ, ಐರ್ಲೆಂಡು 2023ರ ಫೆಬ್ರವರಿಯಲ್ಲಿ ಮುಚ್ಚಿದವು. ಐವತ್ತು ಲಕ್ಷ ಡಾಲರಿಗೆ 2012ರಲ್ಲಿ ವಿಶೇಷ ವೀಸಾ ತೆರೆದ ಆಸ್ಟ್ರೇಲಿಯವು 2024ರ ಜುಲೈಯಲ್ಲಿ ಆ ಅಧ್ಯಾಯವನ್ನು ಮುಗಿಸಿತು. ಪೌರತ್ವವನ್ನೇ ಹಣಕ್ಕೆ ಕೊಡುತ್ತಿದ್ದ ಮಾಲ್ಟಾದ ಪದ್ಧತಿ ಕಾನೂನುಬಾಹಿರವೆಂದು ಯೂರೋಪಿನ ನ್ಯಾಯಾಲಯ 2025ರ ಏಪ್ರಿಲಿನಲ್ಲಿ ಹೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವು ಹತ್ತು ಲಕ್ಷ ಡಾಲರ್ ಕಾಣಿಕೆಗೆ ‘ಗೋಲ್ಡ್ ಕಾರ್ಡ್’ ಎಂದು ಸಾರಿ, ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ವಿಧಿಸಿತು. ಒಬ್ಬರು ಮುಚ್ಚಿದ ಅಂಗಡಿಯನ್ನು ಇನ್ನೊಬ್ಬರು ತೆರೆಯುತ್ತಾರೆ.

ನುರಿತವರ ಬಾಗಿಲು ಮಾತ್ರ ಮುಚ್ಚಿಲ್ಲ, ಅಳತೆಗೋಲು ಬದಲಾಗುತ್ತಿದೆ. ಕೆನಡಾವು 2015ರ ಜನವರಿಯಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಕ್ರಮದಲ್ಲಿ ಅರ್ಜಿದಾರರನ್ನು 1,200 ಅಂಕಗಳ ಮೇಲೆ ಸಾಲಾಗಿ ನಿಲ್ಲಿಸಿ ಮೇಲಿನವರನ್ನು ಕರೆಯುತ್ತದೆ. ಮೊದಲಿನಂತೆ ತೇರ್ಗಡೆಯಾದರೆ ಸಾಲದು, ಇತರರನ್ನು ಮೀರಿಸಬೇಕು. ವಯಸ್ಸು ಇಪ್ಪತ್ತರಿಂದ ಇಪ್ಪತ್ತೊಂಬತ್ತರ ಒಳಗಿದ್ದರೆ ಪೂರ್ಣ ಅಂಕ, ನಲವತ್ತೈದಾದರೆ ಶೂನ್ಯ. 2023ರಿಂದ ಆರೋಗ್ಯ ಸೇವೆ, ಬಡಗಿ, ಕೊಳಾಯಿ ಮುಂತಾದ ಕೈಕೆಲಸಗಳು, ಫ್ರೆಂಚ್ ಭಾಷೆ ಇವುಗಳಿಗೆ ಪ್ರತ್ಯೇಕ ಆಯ್ಕೆಯೂ ಉಂಟು. ನಮ್ಮ ಐ.ಟಿ.ಐ.ಗಳಲ್ಲಿ ಕಲಿತ ಹುಡುಗರು ಇಂಜಿನಿಯರರಿಗಿಂತ ತಾವು ಕಡಿಮೆಯೆಂದು ಭಾವಿಸಬೇಕಾಗಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಆಸ್ಟ್ರೇಲಿಯದಲ್ಲಿ 2012ರಿಂದ ಇಂಥದೇ ಕ್ರಮ. ಕನಿಷ್ಠ ಅಂಕ 65, ವಯಸ್ಸು ನಲವತ್ತೈದರ ಒಳಗೆ.

ಅಮೆರಿಕದ ಸಂಕಟ ಬೇರೆ. ಅಲ್ಲಿ ಅಂಕಗಳಿಲ್ಲ, ಸರದಿಯುಂಟು. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಹಸಿರು ಚೀಟಿಗಳು. ಯಾವ ದೇಶಕ್ಕೂ ಶೇಕಡ ಏಳನ್ನು ಮೀರುವಂತಿಲ್ಲ. ಭಾರತಕ್ಕೂ ಐಸ್‌ಲೆಂಡಿಗೂ ಒಂದೇ ಮಿತಿ! 2024ರ ಅಕ್ಟೋಬರಿನಲ್ಲಿ ಭಾರತೀಯ ಪದವೀಧರರ ಸರದಿ 2012ನೇ ಇಸವಿಯ ಅರ್ಜಿಗಳಿಗೆ ಬಂದಿತ್ತು. ಈ ನಡುವೆ ಮಕ್ಕಳಿಗೆ ಇಪ್ಪತ್ತೊಂದು ತುಂಬಿದರೆ ತಂದೆಯ ಅರ್ಜಿಯ ನೆರಳು ಅವರ ಮೇಲಿಂದ ಸರಿಯುತ್ತದೆ. ಅಲ್ಲಿಯೇ ಬೆಳೆದು ಅಲ್ಲಿಯೇ ಕಲಿತವರು ಬೇರೆ ವೀಸಾ ಹುಡುಕಬೇಕು, ಇಲ್ಲವೇ ಹೊರಡಬೇಕು.

ಮಕ್ಕಳದು ಹಾಗಾದರೆ ತಂದೆತಾಯಿಯರದು? ಈ ವಿಷಯವೇ ನಮ್ಮ ಧರ್ಮಕೇಂದ್ರವನ್ನು ಹತ್ತಿರದಿಂದ ತಟ್ಟುವಂಥದು. ಅಂಕ ಪದ್ಧತಿಯು ವಯಸ್ಸಾದವರಿಗೆ ಏನನ್ನೂ ಕೊಡುವುದಿಲ್ಲ. ಆಸ್ಟ್ರೇಲಿಯದಲ್ಲಿ ಸಾಮಾನ್ಯ ಪಾಲಕರ ವೀಸಾಕ್ಕೆ ಈಗ ಅರ್ಜಿ ಹಾಕಿದವರು ಸುಮಾರು ಮೂವತ್ತು ವರ್ಷ ಕಾಯಬೇಕೆಂದು ಅಲ್ಲಿಯ ಇಲಾಖೆಯೇ ಹೇಳುತ್ತದೆ. ಎಪ್ಪತ್ತರ ತಾಯಿಗೆ ಮೂವತ್ತು ವರ್ಷ! ಬೇಗ ಬೇಕಾದರೆ ಒಬ್ಬೊಬ್ಬರಿಗೆ ನಲವತ್ತು ಸಾವಿರ ಡಾಲರಿಗೂ ಹೆಚ್ಚು ಕಟ್ಟುವ ಇನ್ನೊಂದು ಸಾಲುಂಟು. ಅದರಲ್ಲಿಯೂ ಹತ್ತಾರು ವರ್ಷಗಳ ಕಾಯುವಿಕೆ. ಕೆನಡಾದಲ್ಲಿ ತಂದೆತಾಯಿಯರ ಖಾಯಂ ವಾಸಕ್ಕೆ ಚೀಟಿ ಎತ್ತಿದಂತೆ ಆಯ್ಕೆ ನಡೆದದ್ದುಂಟು. ಅದರ ಬದಲಿಗೆಂಬಂತೆ 2011ರ ಡಿಸೆಂಬರಿನಲ್ಲಿ ಬಂದ ‘ಸೂಪರ್ ವೀಸಾ’ದಲ್ಲಿ ಈಗ ಒಮ್ಮೆಗೆ ಐದು ವರ್ಷಗಳವರೆಗೆ ಇರಬಹುದು, ಆದರೆ ಅದು ಅತಿಥಿಯ ವಾಸ, ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆಯೂ ಕಡ್ಡಾಯ. 1952ರ ಆಗಸ್ಟ್ 1ರಂದು ಹನ್ನೆರಡನೆಯ ಭಕ್ತಿನಾಥ ಪೋಪರು ವಲಸೆಗಾರರ ಬಗ್ಗೆ ಹೊರಡಿಸಿದ ‘ಎಕ್ಸುಲ್ ಫಮಿಲಿಯ’ ಎಂಬ ಶಾಸನವು ಈಜಿಪ್ಟಿಗೆ ವಲಸೆ ಹೋದ ಪವಿತ್ರ ಕುಟುಂಬವನ್ನು ಎಲ್ಲ ವಲಸೆಗಾರರ ಮಾದರಿಯಾಗಿ ತೋರಿಸುತ್ತದೆ. ಆ ಕುಟುಂಬ ಮೂವರೂ ಒಟ್ಟಿಗೆ ಹೊರಟಿತು. ಇಂದಿನ ಕಾನೂನುಗಳ ಅರ್ಥದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಎಳೆಯ ಮಕ್ಕಳು ಅಷ್ಟೇ. ಅಜ್ಜ ಅಜ್ಜಿಯರು ಅದರ ಹೊರಗಿನವರು. ನಮ್ಮ ವಾಳೆಗಳಲ್ಲಿ ರೋಗಿಗಳಿಗೆ ಪರಮಪ್ರಸಾದ ಒಯ್ಯುವ ಪಾದ್ರಿಗಳಿಗೆ ಬೀಗ ತೆಗೆಯುವವರು ಯಾರು, ಮನೆಯಲ್ಲಿ ಎಷ್ಟು ಮಂದಿ ಎಂಬುದು ಗೊತ್ತು.

ಪೌರತ್ವದ ಮಾತೊಂದು ಉಳಿದಿದೆ. ಖಾಯಂ ವಾಸ ದೊರೆತವನು ಭಾರತದ ಪ್ರಜೆಯಾಗಿಯೇ ಉಳಿಯುತ್ತಾನೆ. ಕೆನಡಾದಲ್ಲಿ ಐದರಲ್ಲಿ ಮೂರು ವರ್ಷ, ಆಸ್ಟ್ರೇಲಿಯದಲ್ಲಿ ನಾಲ್ಕು, ಅಮೆರಿಕದಲ್ಲಿ ಸಾಮಾನ್ಯವಾಗಿ ಐದು ವರ್ಷ ವಾಸಿಸಿ ಅಲ್ಲಿಯ ಪೌರತ್ವವನ್ನು ಸ್ವೀಕರಿಸಿದ ಕ್ಷಣದಲ್ಲಿ, ನಮ್ಮ 1955ರ ಕಾಯಿದೆಯ 9ನೆಯ ಕಲಮಿನಂತೆ, ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. 2005ರ ತಿದ್ದುಪಡಿಯ ಬಳಿಕ ವಿಶಾಲವಾಗಿ ದೊರೆಯುತ್ತಿರುವ ‘ಓ.ಸಿ.ಐ.’ ಪತ್ರವನ್ನು ಎರಡನೆಯ ಪೌರತ್ವವೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ಅದಿದ್ದರೆ ಜೀವಮಾನವಿಡೀ ವೀಸಾ ಇಲ್ಲದೆ ಬಂದುಹೋಗಬಹುದು, ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಗದ್ದೆ ತೋಟಗಳನ್ನು ಕೊಳ್ಳುವಂತಿಲ್ಲ. ಹಿರಿಯರಿಂದ ಪಾಲಾಗಿ ಬಂದ ನೆಲವನ್ನು ಇಟ್ಟುಕೊಳ್ಳಬಹುದು. ಆದುದರಿಂದ ಪಾಲುಪಟ್ಟಿ, ವೀಲುನಾಮೆಗಳ ಕೆಲಸವನ್ನು ಪರದೇಶದ ಪ್ರಮಾಣವಚನಕ್ಕೆ ಮೊದಲೇ ವಕೀಲರ ಸಲಹೆಯಂತೆ ಮುಗಿಸಿಕೊಳ್ಳುವುದು ಜಾಣತನ.

ಒಂದು ಪುಸ್ತಕದಿಂದ ಮಾತ್ರ ಹೆಸರು ಹೋಗುವುದಿಲ್ಲ. ಧರ್ಮಸಭೆಯ ಕಾನೂನು, 1917ರ ಸಂಹಿತೆಯಲ್ಲಿಯೂ 1983ರ ಸಂಹಿತೆಯಲ್ಲಿಯೂ, ಎಲ್ಲಿಯೇ ಮದುವೆ ನಡೆಯಲಿ ಅದನ್ನು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಿ ಆ ಪುಸ್ತಕದಲ್ಲಿ ಗುರುತು ಹಾಕಿಸಬೇಕೆಂದು ವಿಧಿಸಿದೆ. ಟೊರಾಂಟೊದಲ್ಲೋ ಮೆಲ್ಬೊರ್ನಿನಲ್ಲೋ ವಿವಾಹವಾದರೂ ಅಲ್ಲಿಯ ಧರ್ಮಗುರುಗಳ ಪತ್ರ ಇಲ್ಲಿಗೆ ಬರುತ್ತದೆ. ಹಳೆಯ ಸಾಲಿನ ಪಕ್ಕದ ಅಂಚಿನಲ್ಲಿ ಹೊಸ ಶಾಯಿಯಿಂದ ಆ ಊರಿನ ಹೆಸರನ್ನೂ ದಿನಾಂಕವನ್ನೂ ಬರೆಯಲಾಗುತ್ತದೆ. ಹಿಂದೆ ಆ ಅಂಚಿನಲ್ಲಿ ಬೊಂಬಾಯಿಯ ಇಗರ್ಜಿಗಳ ಹೆಸರುಗಳೇ ಹೆಚ್ಚಾಗಿದ್ದವು.